ಅಮ್ಮ ನಿದ್ದೆ ಹೋದ ಮಧ್ಯಾಹ್ನ

ಒಣಮೀನು ಸುಡುವ ವಾಸನೆ ಬಂದರೆ ಈಗಲೂ ಹಂಗಾರಕಟ್ಟೆಯ ಅಜ್ಜಿಮನೆಯ ಆ ಮಧ್ಯಾಹ್ನವೇ ನೆನಪಾಗುತ್ತದೆ.

ಅಪ್ಪ ಹೊಡೆದು ಬಾತಿದ್ದ ಕೆನ್ನೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅಮ್ಮ ನನ್ನನ್ನು ತವರಿಗೆ ಕರೆತಂದಿದ್ದಳು. ಹಿಂದೆಯೇ ಬಂದ ಅಪ್ಪ ಅಂಗಳದಲ್ಲಿ ನಿಂತು ಕೂಗಿದ: "ಅವ್ಳನ್ನ್ ಕಳ್ಸಿ." ಅಮ್ಮ ಅಭ್ಯಾಸದಂತೆ ಎದ್ದೇಬಿಟ್ಟಳು. ನನ್ನ ಕೈ ಹಿಡಿದು ಬಾಗಿಲ ಕಡೆ ಹೊರಟಳು.

ಮೀನು ಸುಡುತ್ತಿದ್ದ ಅಜ್ಜಿ ಮಸಿಗೈಯಲ್ಲೇ ಬಂದು ಬಾಗಿಲಿಗೆ ಅಡ್ಡ ನಿಂತಳು.

"ನಾ ಕಳ್ಸುದಿಲ್ಲ. ಅವ್ಳ್ ಇನ್ ಇಲ್ಲೇ ಇಪ್ಪುದ್."

"ಊರ್ ಜನ ಎಂತ ಹೇಳೂರ್?" ಅಂದ ಅಪ್ಪ.

"ಹೇಳ್ಲಿ. ನಂಗೆ ಮಗ್ಳ್ ಜೀವಂತ ಇದ್ರ್ ಸಾಕ್."

ಅಪ್ಪ ಗೊಣಗುತ್ತಾ ಹೊರಟುಹೋದ. ನಾವು ಮತ್ತೆಂದೂ ಅಪ್ಪನ ಮನೆಗೆ ಹೋಗಲಿಲ್ಲ. ಆ ಮಧ್ಯಾಹ್ನ ಅಮ್ಮ ಗಂಜಿ ಉಂಡು ಚಾಪೆಯ ಮೇಲೆ ಒರಗಿದಳು. ಹೊರಗೆ ಯಾರೋ ಗಂಡಸು ಕೆಮ್ಮಿದರೂ ಬೆಚ್ಚಿ ಏಳಲಿಲ್ಲ. ಅಮ್ಮ ಗೊರಕೆ ಹೊಡೆಯುತ್ತಾಳೆಂದು ನನಗೆ ಗೊತ್ತಾದದ್ದು ಅಂದೇ.