ಆರು ಬಾಡಿಗೆ ಕರಾರು

ಇಪ್ಪತ್ತು ವರ್ಷ ಶಾಲಾ ಸಮವಸ್ತ್ರ ಹೊಲಿದು ಹಣ ಕೂಡಿಸಿದ್ದ ದಾನಮ್ಮ ಬಡಿಗೇರ ಮೊದಲ ಬಾರಿ ಆಸ್ತಿ ಕೊಳ್ಳಲು ಹೊರಟಿದ್ದಳು. ಹುಬ್ಬಳ್ಳಿಯ ಆ ಹಳೆಯ ಕಟ್ಟಡದಲ್ಲಿ ಆರು ಕೋಣೆಗಳು, ಕೋಣೆಗೊಬ್ಬರಂತೆ ಆರು ಮಂದಿ ಒಂಟಿ ಬಾಡಿಗೆದಾರರು. ಬೆಲೆ ಮಾತ್ರ ಪೇಟೆ ದರದ ಅರ್ಧ.

ಆ ಕಟ್ಟಡದ ಜಗಲಿಯ ಮೇಲೆ ದಲ್ಲಾಳಿ ಈರಯ್ಯ ಬಾಡಿಗೆ ಕರಾರುಗಳನ್ನು ಮುಂದಿಟ್ಟ. ಎಲ್ಲ ಕರಾರುಗಳಂತೆ ಇವುಗಳಲ್ಲೂ ಬಾಡಿಗೆದಾರರ ಸಾವಿನ ತಾರೀಖು ಇತ್ತು. ಹುಟ್ಟಿದಾಗಲೇ ತಿಳಿಯುವ ಆ ತಾರೀಖನ್ನು ಜನ ಹೊರಗಿನವರಿಗೆ ಹೇಳುತ್ತಿರಲಿಲ್ಲ. ಮನೆ ಮಾಲೀಕರಿಗೆ ಮಾತ್ರ ಹೇಳಲೇಬೇಕಿತ್ತು. ಬಾಡಿಗೆ ಎಷ್ಟು ದಿನ ಬಂದೀತೆಂದು ತಿಳಿಯಲು ದಾನಮ್ಮ ಒಂದೊಂದೇ ಹಾಳೆ ತಿರುವಿದಳು. ಮೂರನೆಯದಕ್ಕೆ ಬಂದಾಗ ಮೊದಲೆರಡನ್ನು ಮತ್ತೆ ತೆಗೆದು ಪಕ್ಕದಲ್ಲಿಟ್ಟು ನೋಡಿದಳು. ಆರರಲ್ಲೂ ಒಂದೇ ತಾರೀಖು, ಆಗಸ್ಟ್ ಒಂಬತ್ತು. ಇನ್ನು ಹನ್ನೊಂದೇ ದಿನ.

"ಇದು ಮಾಲೀಕರಿಗೆ ಗೊತ್ತೈತೇನು?"

"ಅದಕ್ಕ ಮಾರಾಕತ್ತಾರ್ರೀ," ಈರಯ್ಯ ದನಿ ತಗ್ಗಿಸಿದ. "ಕಟ್ಟಡ ಹ್ಯಾಂಗೂ ಬಿದ್ದು ಹೋಗತೈತಿ, ಜಾಗಾ ಉಳೀತೈತಿ. ನೀವು ಜಾಗಾ ನೋಡ್ರಿ."

ದಾನಮ್ಮ ಎದ್ದು ಆರೂ ಬಾಗಿಲು ತಟ್ಟಿ ಎಲ್ಲರನ್ನೂ ಅಂಗಳಕ್ಕೆ ಕರೆದಳು.

"ತಪ್ಪು ತಿಳೀಬ್ಯಾಡ್ರಿ. ನಿಮ್ಮ ನಿಮ್ಮ ತಾರೀಖು ಒಬ್ಬರಿಗೊಬ್ಬರು ಹೇಳ್ರಿ."

ಅವರು ಮುಖ ಗಂಟಿಕ್ಕಿದರು. ಕೊನೆಗೆ ನಿವೃತ್ತ ನರ್ಸ್ ಗ್ರೇಸಮ್ಮ ಮೆಲ್ಲಗೆ ತನ್ನದನ್ನು ಹೇಳಿದಳು. ಪಕ್ಕದಲ್ಲಿದ್ದ ಕಾಲೇಜು ಹುಡುಗಿಯ ಮುಖ ಬಿಳಿಚಿತು. ಅವಳೂ ಅದನ್ನೇ ಹೇಳಿದಳು. ಆರನೆಯವರು ಹೇಳಿ ಮುಗಿಸಿದಾಗ ಎಲ್ಲರೂ ನಿಧಾನವಾಗಿ ತಲೆಯೆತ್ತಿ ಆ ಬಿರುಕುಬಿಟ್ಟ ಕಟ್ಟಡವನ್ನು ನೋಡಿದರು.

"ಇಲ್ಲಿಂದ ಹೋದ್ರ ತಪ್ಪತೈತೇನ್ರೀ?" ಹುಡುಗಿ ಕೇಳಿದಳು.

"ಗೊತ್ತಿಲ್ಲವ್ವಾ," ಎಂದ ದಾನಮ್ಮ ಅವಳ ಹಾಸಿಗೆ ಸುತ್ತಿ ತರಲು ಒಳಗೆ ನಡೆದಳು.