ಜಡ್ಜ್ ಸಾಹೇಬರ ಸಹಿ

"ನಮಸ್ಕಾರ ಸಾರ್, ಕಾಫಿ ಆಯ್ತಾ?" ಎನ್ನುತ್ತ ಶಕೀಬಾ ಒಳಗೆ ಬಂದಾಗ, ವಿದೇಶಿಯರ ನೋಂದಣಿ ಕಚೇರಿಯ ಪುಟ್ಟಮಾದಯ್ಯನವರು ಕನ್ನಡಕ ಏರಿಸಿಕೊಂಡು ನೋಡಿದರು.

"ಅರ್ಜೀಲಿ ಆಫ್ಘಾನಿಸ್ತಾನ ಅಂತ ಬರೆದಿದ್ದೀರಿ. ಕನ್ನಡ ಎಲ್ಲಿ ಕಲಿತ್ರಮ್ಮ?"

"ಇಲ್ಲೇ ಮೈಸೂರಲ್ಲಿ ಸಾರ್. ಮದುವೆಗೆ ಮುಂಚೆ ಐದು ವರ್ಷ ಇಲ್ಲೇ ಓದಿದ್ದು. ಹಾಸ್ಟೆಲ್ ಉಪ್ಪಿಟ್ಟು ತಿಂದೂ ಬದುಕಿಕೊಂಡೆ."

ಪುಟ್ಟಮಾದಯ್ಯ ಜೋರಾಗಿ ನಕ್ಕು ಎರಡು ಕಾಫಿ ತರಿಸಿದರು. ಆದರೆ ಕಡತ ತಿರುವುತ್ತಾ ಹೋದಂತೆ ಅವರ ನಗು ಇಳಿಯಿತು. ಶಕೀಬಾಳ ವೀಸಾ ಮುಗಿಯಲು ಹತ್ತೇ ದಿನ ಉಳಿದಿತ್ತು. ಅದು ಮುಂದುವರಿಯದಿದ್ದರೆ ಅವಳೂ, ಇಲ್ಲಿ ಏಳನೇ ಕ್ಲಾಸು ಓದುತ್ತಿದ್ದ ಮಗಳೂ ದೇಶಕ್ಕೆ ವಾಪಸು ಹೋಗಬೇಕಾಗುತ್ತಿತ್ತು.

"ವಿಶ್ವಸಂಸ್ಥೆಯವರು ಕೊಟ್ಟ ನಿರಾಶ್ರಿತರ ಕಾರ್ಡ್ ಇದೆಯಲ್ಲ ಸಾರ್?"

"ಇದೆ ಕಣಮ್ಮ. ಆದ್ರೆ ನಿರಾಶ್ರಿತರಿಗೆ ಅಂತ ನಮ್ಮಲ್ಲಿ ಬೇರೆ ಕಾನೂನೇ ಇಲ್ಲ. ನಾನು ಕಾಗದ ನೋಡಿ ಮೇಲಕ್ಕೆ ಕಳಿಸೋನು. ನಿಮ್ಮದು ಎಲ್ಲಾ ಸರಿಯಾಗಿದೆ, ಒಂದು ಕಾಗದ ಮಾತ್ರ ಕಮ್ಮಿ."

"ಯಾವುದು ಸಾರ್?"

"ನಿಮ್ಮ ಮೇಲೆ ಯಾವ ಕೇಸೂ ಇಲ್ಲ ಅಂತ ನಿಮ್ಮೂರಿನ ಕೋರ್ಟಿಂದ ಒಂದು ಪತ್ರ. ಜಡ್ಜ್ ಸಾಹೇಬರ ಸಹಿ ಇದ್ರೆ ಸಾಕು. ಸರ್ಕಾರ ಬದಲಾದ್ಮೇಲೆ ಈಗ ಅಲ್ಲಿ ಜಡ್ಜ್ ಯಾರು, ಗೊತ್ತಾ?"

ಶಕೀಬಾ ಕಾಫಿ ಲೋಟ ಕೆಳಗಿಟ್ಟಳು.

"ಚೆನ್ನಾಗಿ ಗೊತ್ತು ಸಾರ್. ಕೊಲೆ ಕೇಸಲ್ಲಿ ಅವನಿಗೆ ಹದಿನಾರು ವರ್ಷ ಜೈಲು ಶಿಕ್ಷೆ ಕೊಟ್ಟವಳು ನಾನೇ."