ವಿಜಯವಾಡಕ್ಕೆ ಹೋದ ಡ್ರಮ್ ಮಷೀನು

ಡ್ರಮ್ ಮಷೀನು ಕೆಡಿಸಿದ್ದು ತಮ್ಮ ಗಂಡನೇ ಎಂಬುದರಲ್ಲಿ ಕಮಲಾಕ್ಷಿಯವರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಗುಂಡಿ ಒತ್ತಿದರೆ ತಾನೇ ತಾಳ ಹಾಕುವ ಆ ಪೆಟ್ಟಿಗೆ ವಿಶಾಖಪಟ್ಟಣದಲ್ಲಿ ರೈಲು ಹತ್ತುವಾಗ ಸರಿಯಿತ್ತು. ದಾರಿಯುದ್ದಕ್ಕೂ ನರಸಿಂಹಮೂರ್ತಿಯವರ ಕಾಲ ಬಳಿಯೇ ಇತ್ತು. ವಿಜಯವಾಡದಲ್ಲಿ ಇಳಿದು ಸ್ವಿಚ್ ಒತ್ತಿದರೆ ಸದ್ದೇ ಇಲ್ಲ!

ಕೆಡಿಸಲು ಕಾರಣವೂ ಇತ್ತು. ಎಲೆಕ್ಟ್ರಾನಿಕ್ ಸಂಗೀತದ ಹುಚ್ಚು ಹತ್ತಿಸಿಕೊಂಡಿದ್ದ ಮಗಳು ಹರಿಣಿ ಇವತ್ತು ಇಲ್ಲಿ ನಡೆಯುವ ಸಂಗೀತ ಸ್ಪರ್ಧೆಯಲ್ಲಿ ಆಯ್ಕೆಯಾದರೆ ವರ್ಷವಿಡೀ ಕಾರ್ಯಕ್ರಮ. ಸೋತರೆ ಮಷೀನು ಮಾರಿ ಪರವಾಡದ ಔಷಧ ಕಂಪನಿಗೆ ಸೇರಬೇಕು. ಅದು ಅಪ್ಪನ ಷರತ್ತು. ಪಾಪ, ಬ್ಯಾಂಕಿನಿಂದ ದಣಿದು ಬಂದರೆ ಪಕ್ಕದ ಕೋಣೆಯಲ್ಲಿ ಮೂರು ವರ್ಷದಿಂದ ಅದೇ ಗದ್ದಲ. ಊಟಕ್ಕೆ ಕೂತಾಗಲೂ ‘ಡುಬ್ ಚಿಕ್, ಡುಬ್ ಚಿಕ್’ ಎಂದು ಅಣಕಿಸಿ ಮಗಳನ್ನು ಅಳಿಸುತ್ತಿದ್ದರು.

“ನಿಜ ಹೇಳ್ರೀ, ಏನು ಮಾಡಿದ್ರಿ ಅದಕ್ಕೆ?”

“ನಾನೇನೇ ಮಾಡ್ಲಿ? ನಲವತ್ತು ವರ್ಷದ ಮುದಿ ಮಷೀನು ಅದು. ನೀನು ಹಾಲ್‌ಗೆ ನಡಿ. ನಾನೂ ಹರಿಣೀನೂ ಆಟೋನಗರ್‌ನಲ್ಲಿ ಯಾರಾದ್ರೂ ರಿಪೇರಿ ಮಾಡ್ತಾರಾ ನೋಡ್ತೀವಿ.”

ಸಂಜೆ ಹರಿಣಿ ಒಬ್ಬಳೇ ವೇದಿಕೆಗೆ ಬಂದಳು. ಬೆಳಿಗ್ಗೆ ಅಪ್ಪ ಮಗಳು ಸೇರಿ ಎತ್ತಿದ್ದ ಮಷೀನನ್ನು ಒಂದೇ ಕೈಯಲ್ಲಿ ತಂದು ಮೇಜಿನ ಮೇಲೆ ಕೀಬೋರ್ಡಿನ ಪಕ್ಕ ಇಟ್ಟಳು. ಗಂಡನ ಪತ್ತೆಯಿಲ್ಲ. ನೋಡುವುದಕ್ಕೂ ಬರಲಿಲ್ಲವಲ್ಲ, ಎಂಥಾ ಕಲ್ಲು ಮನಸ್ಸು ಎಂದು ಕಮಲಾಕ್ಷಿಯವರು ಒಳಗೊಳಗೇ ಬೈದುಕೊಂಡರು.

ಹಳೆಯ ಯಂತ್ರಗಳೇ ಆಗಬೇಕು, ಲ್ಯಾಪ್‌ಟಾಪ್ ಕೂಡದು ಎಂಬುದು ನಿಯಮ. ತೀರ್ಪುಗಾರ ತೇಜ ಮೇಜಿನ ಕೆಳಗೂ ಬಗ್ಗಿ ನೋಡಿದ. ಕಪ್ಪು ಪರದೆಯ ಹಿಂದಕ್ಕೆ ಹೋದ ಒಂದು ವೈರು ಬಿಟ್ಟರೆ ಬೇರೇನೂ ಇರಲಿಲ್ಲ.

ಹರಿಣಿ ಗುಂಡಿ ಒತ್ತಿದಳು. ಎದೆ ನಡುಗುವಂತೆ ತಾಳ ಎದ್ದಿತು! ಅದರ ಮೇಲೆ ಅವಳ ಕೀಬೋರ್ಡಿನ ರಾಗ ಹರಿಯಿತು. ಹುಡುಗರು ಎದ್ದು ಕುಣಿದರು. ನಡುವೆ ಒಂದು ಏಟು ಕೊಂಚ ತಡವಾಗಿ ಬಿತ್ತು. ತೇಜನಿಗೆ ಅದೇ ಹಿಡಿಸಿಬಿಟ್ಟಿತು.

“ಈ ಸೌಂಡ್ ಕಂಪ್ಯೂಟರ್‌ಲೋ ರಾದಂಡಿ! ಪಾತ ಮಷೀನ್ ಪಾತ ಮಷೀನೇ!” ಈ ಸದ್ದು ಕಂಪ್ಯೂಟರಿನಲ್ಲಿ ಬರುವುದಿಲ್ಲ, ಹಳೇ ಮಷೀನು ಹಳೇ ಮಷೀನೇ ಎಂದು ತೆಲುಗಿನಲ್ಲಿ ಹೊಗಳಿದವನೇ, ಗೆದ್ದವಳು ಹರಿಣಿ ಎಂದು ಅಲ್ಲೇ ಕೂಗಿದ.

ಕಮಲಾಕ್ಷಿ ಕಣ್ಣೊರೆಸಿಕೊಳ್ಳುತ್ತಾ ಪರದೆಯ ಹಿಂದೆ ಓಡಿ ಮಗಳನ್ನು ತಬ್ಬಿಕೊಂಡರು. “ಯಾವ ಪುಣ್ಯಾತ್ಮ ರಿಪೇರಿ ಮಾಡಿಕೊಟ್ಟನೇ?”

“ರಿಪೇರಿ ಆಗ್ಲೇ ಇಲ್ಲಮ್ಮ. ಒಳಗಿದ್ದದ್ದೆಲ್ಲ ಬಿಚ್ಚಿ ಆಟೋನಗರ್‌ನಲ್ಲೇ ಇಟ್ಕೊಂಡಿದ್ದಾರೆ. ಇದು ಬರೀ ಡಬ್ಬ.”

ಅವಳ ಬೆನ್ನ ಹಿಂದೆ, ಒಂದು ಕೈಯಲ್ಲಿ ಮೈಕು ಹಿಡಿದು, ಇನ್ನೊಂದರಲ್ಲಿ ನೋಯುವ ಕೆನ್ನೆ ತಿಕ್ಕಿಕೊಳ್ಳುತ್ತಾ, ಬೆವರಿಳಿಸಿಕೊಂಡು ನಿಂತಿದ್ದರು ನರಸಿಂಹಮೂರ್ತಿ.